ಜೇರ್, ಜಬರ್‌ಗಳು ಬಂದದ್ದು ಯಾರಿಗಾಗಿ?

(ಜುಮಾ ಭಾಷಣದ ಸಾರಾಂಶ)

 



ಇಂದು ನಾವು ನಮ್ಮದೇ ಒಂದು ತಪ್ಪಿನಿಂದ ಮಾತು ಆರಂಭಿಸಬೇಕಾಗಿದೆ. ಸುಮಾರು ಒಂದು ತಿಂಗಳ ಹಿಂದೆ, ಮಗ್ರಿಬ್ ನಂತರದ ಮದ್ರಸ ತರಗತಿಗೆ ಅರುವತ್ತು ದಾಟಿದ ಹಿರಿಯರೊಬ್ಬರು ಬಂದು ಮಕ್ಕಳ ನಡುವೆ ಕುಳಿತರು. ಮನೆಯ ಕಷ್ಟಕ್ಕೆ ಎಳವೆಯಲ್ಲೇ ಮದ್ರಸ ಬಿಟ್ಟು ಕೂಲಿಗೆ ಹೋದವರು ಅವರು. ಕಾಯ್ದಾ ತೆರೆದು ಬೆರಳಿಟ್ಟು ಓದಿದರು. ಜೇರ್ ಇದ್ದ ಕಡೆ ಜಬರ್ ಓದಿದರು. ಮಕ್ಕಳು ಕಿಸಕ್ಕನೆ ನಕ್ಕವು. ಮಕ್ಕಳ ನಗುವಿಗೆ ಮಾಫಿ ಇದೆ. ಆದರೆ ಹಿಂದೆ ಕಂಬಕ್ಕೆ ಒರಗಿ ಕುಳಿತಿದ್ದ ನಾವು ದೊಡ್ಡವರೂ ನಕ್ಕೆವು. ಮರುದಿನದಿಂದ ಅವರು ತರಗತಿಗೆ ಬರಲಿಲ್ಲ. ನಮಾಝಿಗೆ ಬರುತ್ತಾರೆ, ಸಲಾಮ್ ಹೇಳುತ್ತಾರೆ, ಹೋಗುತ್ತಾರೆ. ಮನೆಯಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ಯಾಸೀನ್ ಓದುತ್ತಾರಂತೆ. ಅವರು ಇಂದು ಎಲ್ಲಿ ಕುಳಿತಿದ್ದಾರೆಂದು ನಾವು ನೋಡುವುದಿಲ್ಲ. ನೀವೂ ಯಾರೂ ತಿರುಗಿ ನೋಡಬೇಡಿ.

ಆ ದಿನ ರಾತ್ರಿ ನಮಗೆ ಒಂದು ಪ್ರಶ್ನೆ ಕಾಡಿತು. ಈ ಜೇರ್, ಜಬರ್, ಪೇಶ್‌ಗಳನ್ನು ಮೊದಲು ಇಟ್ಟವರು ಯಾರು? ಯಾರಿಗಾಗಿ ಇಟ್ಟರು? ಸರಿಯಾಗಿ ಓದಬಲ್ಲವನಿಗೆ ಅವು ಬೇಕಿರಲಿಲ್ಲ. ಅದರ ಚರಿತ್ರೆಯನ್ನು ಇಂದು ಸ್ವಲ್ಪ ತಿಳಿದುಕೊಳ್ಳೋಣ.

ಮೊದಲಾಗಿ ಒಂದು ವಿಷಯ ಮನಸ್ಸಿನಲ್ಲಿರಲಿ. ಕುರ್‌ಆನ್ ನಮಗೆ ತಲುಪಿದ್ದು ಬಾಯಿಂದ ಕಿವಿಗೆ, ಎದೆಯಿಂದ ಎದೆಗೆ. ಬರಹ ಅದಕ್ಕೆ ಆಸರೆಯಾಗಿ ಜೊತೆಯಲ್ಲಿ ಬಂತು. ಖಲೀಫ ಉಸ್ಮಾನ್(ರ) ತಮ್ಮ ಕಾಲದಲ್ಲಿ ಮುಸ್‌ಹಫ್‌ನ ಪ್ರತಿಗಳನ್ನು ಬರೆಸಿ ಪ್ರಮುಖ ಪಟ್ಟಣಗಳಿಗೆ ಕಳುಹಿಸಿದಾಗ ಆ ಪ್ರತಿಗಳಲ್ಲಿ ಜೇರ್, ಜಬರ್ ಇರಲಿಲ್ಲ. ಬಾ, ತಾಗಳಿಗೆ ನಾವು ಇಂದು ಕಾಣುವ ಚುಕ್ಕೆಗಳೂ ಇರಲಿಲ್ಲ. ಇದ್ದದ್ದು ಅಕ್ಷರಗಳ ಎಲುಬುಗೂಡು ಮಾತ್ರ. ಓದಿಸಲು ಬಲ್ಲ ಜನ ಆಯಾ ಪಟ್ಟಣಗಳಲ್ಲಿದ್ದರು. ಅವರ ಬಾಯಿಂದ ಕೇಳಿ ಕಲಿತವನಿಗೆ ಆ ಎಲುಬುಗೂಡು ಸಾಕಾಗುತ್ತಿತ್ತು.

ಇದು ಹೇಗೆಂದು ಕನ್ನಡದಿಂದಲೇ ಅರ್ಥ ಮಾಡಿಕೊಳ್ಳಬಹುದು. ಕಾಗುಣಿತದ ಗುರುತುಗಳನ್ನೆಲ್ಲ ತೆಗೆದುಹಾಕಿದರೆಂದು ಭಾವಿಸಿ. ಆಗ ಮರ, ಮರಿ, ಮುರಿ ಮೂರನ್ನೂ 'ಮರ' ಎಂದೇ ಬರೆಯಬೇಕಾಗುತ್ತದೆ. 'ಆಡಿನ ಮರ' ಎಂದು ಬರೆದಿದ್ದರೆ ನಾವು ಮರಿ ಎಂದು ಓದುತ್ತೇವೆ, ಏಕೆಂದರೆ ಭಾಷೆ ನಮ್ಮದು. ಹೊಸದಾಗಿ ಕನ್ನಡ ಕಲಿಯುವವನು ಅಲ್ಲೇ ನಿಲ್ಲುತ್ತಾನೆ. ಇನ್ನು ಪ, ವ, ಷ ಮೂರಕ್ಕೂ ಒಂದೇ ಆಕಾರ ಎಂದರೆ ಏನಾದೀತು? ಅರಬಿಯಲ್ಲಿ ಶಬ್ದದ ನಡುವೆ ಬಾ, ತಾ, ಸಾ, ನೂನ್, ಯಾ ಈ ಐದಕ್ಕೂ ಹಲ್ಲಿನಂಥ ಒಂದೇ ಪುಟ್ಟ ಏರು. ಚುಕ್ಕೆ ತೆಗೆದರೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯದು.

ಅರಬಿಗೆ ಇನ್ನೊಂದು ಗುಣವೂ ಇದೆ. ನಾವು 'ತಾಯಿ ಮಗುವನ್ನು' ಎಂದಾಗ 'ಅನ್ನು' ಎಂಬುದು ಯಾರು ಯಾರನ್ನು ಕರೆದರೆಂದು ತಿಳಿಸುತ್ತದೆ. ಅರಬಿಯಲ್ಲಿ ಆ ಕೆಲಸವನ್ನು ಹೆಚ್ಚಾಗಿ ಶಬ್ದದ ಕೊನೆಯ ಒಂದು ಪುಟ್ಟ ಸ್ವರ ಮಾಡುತ್ತದೆ. 'ಉ' ಇದ್ದರೆ ಮಾಡಿದವನು, 'ಅ' ಇದ್ದರೆ ಮಾಡಿಸಿಕೊಂಡವನು. ಇದಕ್ಕೆ ಇಅ್‌ರಾಬ್ ಎನ್ನುತ್ತಾರೆ. ಆ ಸ್ವರ ಬರಹದಲ್ಲಿ ಇರಲಿಲ್ಲ, ನಾಲಿಗೆಯಲ್ಲಿತ್ತು.

ಈಗ ಇರಾಕಿನ ಬಸ್ರಾ ಪಟ್ಟಣಕ್ಕೆ ಬನ್ನಿ. ಉಮರ್(ರ)ರ ಕಾಲದಲ್ಲಿ ಸೇನಾ ಬೀಡಾಗಿ ಆರಂಭವಾದ ಊರು ಅದು. ಕೆಲವೇ ವರ್ಷಗಳಲ್ಲಿ ಅಲ್ಲಿ ಅರಬರ ಜೊತೆ ಪಾರಸಿಗಳು ಮತ್ತು ಇತರ ನಾಡುಗಳವರು ಸೇರಿ ಬೀದಿ ತುಂಬಿದರು. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರ ಮನೆಮಾತು ಬೇರೆ, ನಮಾಝಿನ ಭಾಷೆ ಬೇರೆ. ಇದು ನಮಗೆ ಚೆನ್ನಾಗಿ ಗೊತ್ತಿರುವ ಸ್ಥಿತಿಯೇ ಅಲ್ಲವೇ? ಅವರು ಅರಬಿ ಮಾತಾಡುವಾಗ ಕೊನೆಯ ಸ್ವರ ಜಾರಿಹೋಗುತ್ತಿತ್ತು. ಅವರ ಜೊತೆ ಬೆಳೆದ ಅರಬರ ಮಕ್ಕಳ ನಾಲಿಗೆಯೂ ಜಾರತೊಡಗಿತು. ಈ ಜಾರುವಿಕೆಗೆ 'ಲಹ್ನ್' ಎಂಬ ಹೆಸರು ಬಂತು.

ಬಸ್ರಾದಲ್ಲಿ ಅಬುಲ್ ಅಸ್ವದ್ ಅದ್ದುಅಲೀ ಎಂಬವರಿದ್ದರು. ಅಲೀ(ರ)ರ ಆಪ್ತರು. ಹಿಜರಿ 69ರಲ್ಲಿ ನಿಧನರಾದರು. ಅವರ ಮಗಳ ಬಗ್ಗೆ ಒಂದು ಪ್ರಸಿದ್ಧ ವರದಿಯಿದೆ. ಒಂದು ರಾತ್ರಿ ಆ ಹುಡುಗಿ ಆಕಾಶ ನೋಡಿ, 'ಮಾ ಅಹ್ಸನುಸ್ಸಮಾಇ' ಎಂದಳು. ತಂದೆ, 'ನಕ್ಷತ್ರಗಳು ಮಗಳೇ' ಎಂದರು. ಆಕೆ ತಬ್ಬಿಬ್ಬಾಗಿ, 'ಅಬ್ಬಾ, ನಾನು ಪ್ರಶ್ನೆ ಕೇಳಲಿಲ್ಲ, ಆಕಾಶ ಎಷ್ಟು ಚೆನ್ನಾಗಿದೆ ಎಂದೆ' ಎಂದಳು. ಹಾಗಾದರೆ 'ಮಾ ಅಹ್ಸನಸ್ಸಮಾಅ' ಎನ್ನಬೇಕಿತ್ತು. ಎರಡು ಕಡೆ ಸ್ವರ ಬದಲಾದದ್ದರಿಂದ, ಬೆರಗಾಗಿ ಹೇಳಿದ ಮಾತು 'ಆಕಾಶದಲ್ಲಿ ಅತಿ ಸುಂದರವಾದದ್ದು ಯಾವುದು' ಎಂಬ ಪ್ರಶ್ನೆಯಾಗಿಬಿಟ್ಟಿತ್ತು. ತಂದೆ ಮಗಳನ್ನು ನೋಡಿ ನಗಲಿಲ್ಲ. ತನ್ನ ಮನೆಯೊಳಗೇ ಭಾಷೆ ಜಾರುತ್ತಿದೆ ಎಂದು ಅವರು ಚಿಂತೆಗೀಡಾದರು. ನಿಯಮ ಹುಡುಕಲು ಕುಳಿತರು ಎಂದು ವರದಿ ಹೇಳುತ್ತದೆ.

ಶಬ್ದಗಳನ್ನು ಇಸ್ಮ್, ಫಿಅ್‌ಲ್, ಹರ್ಫ್ ಎಂದು ಮೂರಾಗಿ ವಿಂಗಡಿಸಿ ಅವರಿಗೆ ದಾರಿ ತೋರಿಸಿದವರು ಅಲೀ(ರ) ಎಂದೂ, 'ಈ ದಾರಿಯಲ್ಲಿ ಮುಂದುವರಿ' ಎಂಬ ಅವರ ಮಾತಿನಿಂದಲೇ ವ್ಯಾಕರಣಕ್ಕೆ 'ನಹ್ವ್' ಎಂಬ ಹೆಸರು ಬಂತೆಂದೂ ಪರಂಪರೆ ಹೇಳುತ್ತದೆ. ಇಡೀ ವ್ಯಾಕರಣವನ್ನು ಒಬ್ಬರೇ ಒಂದೇ ಕಾಲದಲ್ಲಿ ಕಟ್ಟಿದರೆಂದು ನಾವು ಹೇಳುವುದಿಲ್ಲ. ಅದಕ್ಕೆ ಮೂರು ನಾಲ್ಕು ತಲೆಮಾರುಗಳು ಹಿಡಿದವು. ಆದರೆ ಮುಸ್‌ಹಫ್‌ಗೆ ಸ್ವರದ ಗುರುತು ಇಡಿಸಿದ ಕೀರ್ತಿ ಅಬುಲ್ ಅಸ್ವದ್‌ರದ್ದೆಂದು ಹಿಂದಿನ ವಿದ್ವಾಂಸರು ಹೆಚ್ಚಾಗಿ ಒಪ್ಪುತ್ತಾರೆ.

ಅದರ ಹಿನ್ನೆಲೆ ಹೀಗಿದೆ. ಇರಾಕಿನ ರಾಜ್ಯಪಾಲ ಝಿಯಾದ್, ಕುರ್‌ಆನ್ ತಪ್ಪಿಲ್ಲದೆ ಓದಲು ಜನರಿಗೆ ಏನಾದರೂ ಮಾಡಿಕೊಡಿ ಎಂದು ಅವರನ್ನು ಕೇಳಿದ. ಅವರು ಒಪ್ಪಲಿಲ್ಲ. ಪ್ರವಾದಿವರ್ಯರ(ಸ) ಅನುಚರರು ಮಾಡದ ಕೆಲಸಕ್ಕೆ ಕೈ ಹಾಕಲು ಅಳುಕಿರಬೇಕು. ಝಿಯಾದ್ ಒಂದು ಉಪಾಯ ಹೂಡಿದ. ಅವರು ಹೋಗುವ ದಾರಿಯಲ್ಲಿ ಒಬ್ಬನನ್ನು ಕೂರಿಸಿ ಅತ್ತೌಬ ಅಧ್ಯಾಯದ 3ನೇ ವಚನವನ್ನು ಬೇಕೆಂದೇ ತಪ್ಪಾಗಿ ಓದಿಸಿದ. ಆ ವಚನದ ಸಾರ, ಅಲ್ಲಾಹನೂ ಅವನ ರಸೂಲರೂ ಬಹುದೇವಾರಾಧಕರ ವಿಷಯದಲ್ಲಿ ಹೊಣೆಮುಕ್ತರು ಎಂಬುದು. ಅಲ್ಲಿ 'ರಸೂಲುಹು' ಎಂದಿರುವುದನ್ನು ಆತ 'ರಸೂಲಿಹಿ' ಎಂದು ಓದಿದ. ಒಂದು ಪೇಶ್ ಜೇರ್ ಆದದ್ದರಿಂದ ಅರ್ಥ ಎಲ್ಲಿಗೆ ಹೋಯಿತು ನೋಡಿ! ಅಲ್ಲಾಹನು ತನ್ನ ರಸೂಲರಿಂದಲೂ ಕೈತೊಳೆದುಕೊಂಡನು ಎಂದಾಯಿತು, ನಊದು ಬಿಲ್ಲಾಹ್. ಅಬುಲ್ ಅಸ್ವದ್ ನಡುಗಿಹೋದರು. ನೇರ ಝಿಯಾದ್‌ನ ಬಳಿಗೆ ಹೋಗಿ, 'ನನಗೊಬ್ಬ ಬರಹಗಾರನನ್ನು ಕೊಡು' ಎಂದರು.

ಝಿಯಾದ್ ಕಳುಹಿಸಿದ ಮೂವತ್ತು ಮಂದಿಯಲ್ಲಿ ಅಬ್ದುಲ್ ಕೈಸ್ ಗೋತ್ರದ ಒಬ್ಬನನ್ನು ಅವರು ಆರಿಸಿಕೊಂಡರು ಎಂದಿದೆ. ಆ ಬರಹಗಾರನ ಹೆಸರು ವರದಿಯಲ್ಲಿಲ್ಲ. ಮುಸ್‌ಹಫ್‌ನ ಶಾಯಿಗಿಂತ ಬೇರೆ ಬಣ್ಣದ ಶಾಯಿ ತರಿಸಿದರು. ತಾವು ನಿಧಾನವಾಗಿ ಓದುವಾಗ ಬಾಯಿಯನ್ನೇ ನೋಡುತ್ತಿರಲು ಅವನಿಗೆ ಹೇಳಿದರು. ಬಾಯಿ ತೆರೆದರೆ ಅಕ್ಷರದ ಮೇಲೊಂದು ಚುಕ್ಕೆ. ತುಟಿ ಕೂಡಿಸಿದರೆ ಅಕ್ಷರದ ಮುಂದೊಂದು ಚುಕ್ಕೆ. ಕೆಳಕ್ಕೆ ಎಳೆದರೆ ಕೆಳಗೊಂದು ಚುಕ್ಕೆ. ಜೊತೆಗೆ ಮೂಗಿನ ಸ್ವರ ಬಂದರೆ ಒಂದರ ಬದಲು ಎರಡು. ಹೀಗೆ ಮೊದಲಿನಿಂದ ಕೊನೆಯವರೆಗೆ ಇಡೀ ಮುಸ್‌ಹಫ್ ಮುಗಿಸಿದರು.

ನಾವು ಉರ್ದು ರೂಢಿಯಲ್ಲಿ ಜಬರ್, ಜೇರ್, ಪೇಶ್ ಎನ್ನುತ್ತೇವೆ. ಕರಾವಳಿಯ ಮದ್ರಸಗಳಲ್ಲಿ ಫತ್‌ಹ್, ಕಸ್ರ್, ಳಮ್ಮ್ ಎನ್ನುತ್ತಾರೆ. ಈ ಅರಬಿ ಹೆಸರುಗಳಲ್ಲಿ ಆ ದಿನದ ಪಾಠವೇ ಉಳಿದಿದೆ. ಫತ್‌ಹ್ ಎಂದರೆ ತೆರೆಯುವುದು, ಳಮ್ಮ್ ಎಂದರೆ ಕೂಡಿಸುವುದು, ಕಸ್ರ್ ಎಂದರೆ ಮುರಿಯುವುದು. ತುಟಿಗಳು ಮಾಡಿದ ಕೆಲಸವೇ ಚಿಹ್ನೆಯ ಹೆಸರಾಯಿತು. ಉಸ್ತಾದರು ಇಂದಿಗೂ ಮಗುವಿಗೆ 'ನನ್ನ ಬಾಯಿ ನೋಡು' ಎಂದು ಕಲಿಸುವುದುಂಟು. ಹಳೆಯ ಚರ್ಮದ ಹಾಳೆಗಳ ಮುಸ್‌ಹಫ್‌ಗಳಲ್ಲಿ ಆ ಕೆಂಪು ಚುಕ್ಕೆಗಳನ್ನು ಇಂದಿಗೂ ಕಾಣಬಹುದು.

ಇನ್ನು ಬಾ, ತಾ, ನೂನ್‌ಗಳನ್ನು ಬೇರ್ಪಡಿಸುವ ಚುಕ್ಕೆಗಳು. ಇವನ್ನು ಹಜ್ಜಾಜ್‌ನ ಕಾಲದಲ್ಲಿ ನಸ್ರ್ ಬಿನ್ ಆಸಿಮ್ ಮತ್ತು ಯಹ್ಯಾ ಬಿನ್ ಯಅ್‌ಮರ್ ಎಂಬ ವಿದ್ವಾಂಸರು ಇಟ್ಟರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಹಿಜರಿ 22ರ, ಅಂದರೆ ಕ್ರಿ.ಶ. 643ರ ಒಂದು ಪಪೈರಸ್ ಹಾಳೆ ಈಜಿಪ್ಟಿನಲ್ಲಿ ಸಿಕ್ಕಿದ್ದು, ಈಗ ವಿಯೆನ್ನಾದಲ್ಲಿದೆ. ಗ್ರೀಕ್ ಮತ್ತು ಅರಬಿ ಎರಡರಲ್ಲೂ ಬರೆದ ಆ ರಶೀದಿಯ ಕೆಲವು ಅಕ್ಷರಗಳಿಗೆ ಆಗಲೇ ಚುಕ್ಕೆಗಳಿವೆ. ತಾಯಿಫ್ ಬಳಿಯ ಅಣೆಕಟ್ಟಿನಲ್ಲಿ ಹಿಜರಿ 58ರಲ್ಲಿ ಮುಆವಿಯಾ(ರ)ರ ಹೆಸರಿನಲ್ಲಿ ಕೆತ್ತಿದ ಶಾಸನದಲ್ಲೂ ಇವೆ. ಅಂದರೆ ಚುಕ್ಕೆ ಇಡುವುದು ಅರಬರಿಗೆ ಮೊದಲೇ ಗೊತ್ತಿತ್ತು, ಬೇಕಾದಲ್ಲಿ ಇಡುತ್ತಿದ್ದರು, ಬೇಡವಾದಲ್ಲಿ ಬಿಡುತ್ತಿದ್ದರು. ಇರಾಕಿನ ವಿದ್ವಾಂಸರು ಮುಸ್‌ಹಫ್‌ನಲ್ಲಿ ಅದನ್ನು ಕ್ರಮಬದ್ಧಗೊಳಿಸಿದರು ಎನ್ನುವುದು ಸರಿ. ಒಂದೇ ಆಕಾರದ ಅಕ್ಷರಗಳನ್ನು ಒಟ್ಟಿಗೆ ಸೇರಿಸಿದ ಅಲಿಫ್, ಬಾ, ತಾ, ಸಾ ಎಂಬ ಕ್ರಮವನ್ನೂ ನಸ್ರ್ ಅವರಿಗೆ ಸೇರಿಸಿ ಹೇಳುತ್ತಾರೆ. ಅದಕ್ಕೆ ಹಿಂದೆ ಇದ್ದದ್ದು ಅಲಿಫ್, ಬಾ, ಜೀಮ್, ದಾಲ್ ಎಂಬ 'ಅಬ್ಜದ್' ಕ್ರಮ. ಲಾರಿಗಳ ಮೇಲೆ ನಾವು ನೋಡುವ 786 ಆ ಹಳೆಯ ಕ್ರಮದ ಲೆಕ್ಕದಿಂದಲೇ ಬಂದದ್ದು. ಅದು ಬೇಕೋ ಬೇಡವೋ ಎಂಬ ಚರ್ಚೆಗೆ ಇಂದು ನಾವು ಹೋಗುವುದಿಲ್ಲ.

ಹಜ್ಜಾಜ್‌ನ ಹೆಸರು ಬಂದ ಮೇಲೆ ಒಂದು ಮಾತು ಹೇಳಲೇಬೇಕು. ಅಬ್ದುಲ್ಲಾ ಬಿನ್ ಝುಬೈರ್(ರ) ಹುತಾತ್ಮರಾದದ್ದು ಅವನ ಸೇನೆಯ ಕೈಯಲ್ಲಿ. ಅಂಥ ಕ್ರೂರಿ ಒಮ್ಮೆ ಯಹ್ಯಾ ಬಿನ್ ಯಅ್‌ಮರ್‌ರನ್ನು ಕರೆದು, 'ನನ್ನ ಓದಿನಲ್ಲಿ ಲಹ್ನ್ ಇದೆಯೇ?' ಎಂದು ಕೇಳಿದನಂತೆ. ಅವರು ತಪ್ಪಿಸಿಕೊಳ್ಳಲು ನೋಡಿದರು. ಆತ ಬಿಡಲಿಲ್ಲ. ಆಗ ಅವರು, 'ಹೌದು, ಕುರ್‌ಆನಿನಲ್ಲೇ ಇದೆ. ಅತ್ತೌಬ ಅಧ್ಯಾಯದ 24ನೇ ವಚನದಲ್ಲಿ ಅಹಬ್ಬ ಎಂದಿರುವುದನ್ನು ಅಹಬ್ಬು ಎಂದು ಓದುತ್ತೀರಿ' ಎಂದರು. ಇರಾಕನ್ನೇ ಆಳುತ್ತಿದ್ದವನು ಜಬರ್ ಇರುವಲ್ಲಿ ಪೇಶ್ ಓದುತ್ತಿದ್ದ! 'ಇನ್ನು ಮೇಲೆ ನನ್ನ ಲಹ್ನ್ ನಿಮ್ಮ ಕಿವಿಗೆ ಬೀಳುವುದಿಲ್ಲ' ಎಂದು ಹೇಳಿ ಅವನು ಅವರನ್ನು ದೂರದ ಖುರಾಸಾನಿಗೆ ಅಟ್ಟಿದನೆಂದು ವರದಿಯಿದೆ.

ಇಲ್ಲಿ ಯುವಕರು ಆಗಾಗ ಕೇಳುವ ಪ್ರಶ್ನೆಯನ್ನೂ ಮುಗಿಸಿಬಿಡೋಣ. ಚುಕ್ಕೆಗಳು ಆಮೇಲೆ ಬಂದವು ಎಂದರೆ ಓದಿನಲ್ಲಿ ಸಂಶಯ ಬರುವುದಿಲ್ಲವೇ? ಅಲ್‌ಹುಜುರಾತ್ ಅಧ್ಯಾಯದ 6ನೇ ವಚನವನ್ನು ನೋಡಿ. ದುಷ್ಟನೊಬ್ಬ ಸುದ್ದಿ ತಂದರೆ ಏನು ಮಾಡಬೇಕೆಂದು ಅದು ಹೇಳುತ್ತದೆ. ನಾವು ಆಸಿಮ್ ಅವರ ಪಾಠದಂತೆ 'ಫತಬಯ್ಯನೂ' ಎನ್ನುತ್ತೇವೆ, ಅಂದರೆ ವಿಚಾರಿಸಿ ತಿಳಿಯಿರಿ. ಹಂಝಃ ಮತ್ತು ಕಿಸಾಈ ಅವರ ಪಾಠದಲ್ಲಿ 'ಫತಸಬ್ಬತೂ' ಎಂದಿದೆ, ಅಂದರೆ ಆತುರಪಡದೆ ನಿಲ್ಲಿರಿ. ಚುಕ್ಕೆಯಿಲ್ಲದೆ ಬರೆದರೆ ಎರಡಕ್ಕೂ ಅವೇ ನಾಲ್ಕು ಹಲ್ಲುಗಳು. ಈ ಮೂವರೂ ಕೂಫಾದವರೇ, ಮೂವರೂ ತಮ್ಮ ಗುರುಗಳ ಬಾಯಿಂದ ಕೇಳಿದ್ದನ್ನೇ ಓದಿದವರು. ಬರೀ ಹಾಳೆ ನೋಡಿ ಊಹಿಸಿ ಓದಿದ್ದರೆ ಆ ನಾಲ್ಕು ಹಲ್ಲುಗಳಿಂದ ಹತ್ತಾರು ಶಬ್ದಗಳು ಹುಟ್ಟಬಹುದಿತ್ತು. ಹುಟ್ಟಲಿಲ್ಲ. ಸೂರಃ ಫಾತಿಹದಲ್ಲೂ ಹಾಗೆಯೇ. ಎಲುಬುಗೂಡಿನಲ್ಲಿ ಇರುವುದು ಮೀಮ್, ಲಾಮ್, ಕಾಫ್ ಮಾತ್ರ. 'ಮಾಲಿಕಿ' ಎಂಬ ಓದೂ ಉಂಟು, 'ಮಲಿಕಿ' ಎಂಬ ಓದೂ ಉಂಟು. ನಿಮ್ಮ ಮುಸ್‌ಹಫ್‌ನಲ್ಲಿ ಆ ಮೀಮ್ ಮೇಲೆ ನಿಂತಿರುವ ಪುಟ್ಟ ಗೀಟನ್ನು ಮನೆಗೆ ಹೋಗಿ ಗಮನಿಸಿ. ಅದು ನಿಮಗೆ 'ಮಾ' ಎಂದು ಎಳೆಯಲು ಹೇಳುತ್ತಿದೆ.

ಚಿಹ್ನೆಗಳಿಗೆ ವಿರೋಧವೂ ಇತ್ತು. ಮುಸ್‌ಹಫ್‌ನಲ್ಲಿ ಬೇರೇನೂ ಬೆರೆಯಬಾರದು ಎಂಬ ಎಚ್ಚರದಿಂದ ಹಿಂದಿನವರಲ್ಲಿ ಹಲವರು ಚುಕ್ಕೆಗಳನ್ನು ಇಷ್ಟಪಡಲಿಲ್ಲ. ಅವರ ಭಯ ಸಣ್ಣದಲ್ಲ. ಆದರೆ ಇಮಾಮ್ ಮಾಲಿಕ್(ರಹ್) ಹೇಳಿದ್ದನ್ನು ಕೇಳಿ. ಮಾದರಿಯಾಗಿ ಇಡುವ ದೊಡ್ಡ ಮುಸ್‌ಹಫ್‌ಗಳಲ್ಲಿ ಚುಕ್ಕೆ ಬೇಡ, ಮಕ್ಕಳು ಕಲಿಯುವ ಸಣ್ಣ ಪ್ರತಿಗಳಲ್ಲಿ ಇಟ್ಟರೆ ಅಡ್ಡಿಯಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಇದನ್ನು ಅಂದಲುಸಿಯಾದ ವಿದ್ವಾಂಸ ಅಬೂ ಅಮ್ರ್ ಅದ್ದಾನೀ ದಾಖಲಿಸಿದ್ದಾರೆ. ಬಾಗಿಲು ಮೊದಲು ತೆರೆದದ್ದು ಕಲಿಯುವವರಿಗೆ. ನಾವು ಇಂದು ಅದೇ ಬಾಗಿಲಿನಿಂದ ಒಳಗೆ ಬಂದವರು.

ಕೆಂಪು ಚುಕ್ಕೆಯ ಕ್ರಮಕ್ಕೆ ಒಂದು ತೊಡಕಿತ್ತು. ಅಕ್ಷರಕ್ಕೂ ಚುಕ್ಕೆ, ಸ್ವರಕ್ಕೂ ಚುಕ್ಕೆ. ಬಣ್ಣ ಬೇರೆಯಿಲ್ಲದಿದ್ದರೆ ಎಲ್ಲವೂ ಗೊಂದಲ. ಇದನ್ನು ಬಿಡಿಸಿದವರು ಖಲೀಲ್ ಬಿನ್ ಅಹ್ಮದ್. ಮೂಲ ಒಮಾನಿನ ಅಝ್ದ್ ಗೋತ್ರ, ಬದುಕಿದ್ದು ಬಸ್ರಾದಲ್ಲಿ, ನಿಧನ ಹಿಜರಿ 170ರ ಸುಮಾರಿಗೆ. ಕಡುಬಡತನದಲ್ಲಿದ್ದರೂ ಅಧಿಕಾರಿಗಳ ಬಾಗಿಲಿಗೆ ಹೋಗದವರು ಎಂದು ಅವರ ಬಗ್ಗೆ ಹೇಳುತ್ತಾರೆ. ಅರಬಿ ಛಂದಸ್ಸಿನ ಶಾಸ್ತ್ರ ಅವರದ್ದು. ಅಕ್ಷರಗಳು ಗಂಟಲಿನಿಂದ ತುಟಿಯವರೆಗೆ ಹುಟ್ಟುವ ಸ್ಥಾನದ ಕ್ರಮದಲ್ಲಿ ಜೋಡಿಸಿದ ಮೊದಲ ನಿಘಂಟು 'ಕಿತಾಬುಲ್ ಐನ್' ಅವರದ್ದು. ಅವರು ಚುಕ್ಕೆಗಳ ಬದಲು ಪುಟ್ಟ ಅಕ್ಷರಗಳನ್ನೇ ಇಟ್ಟರು. ನಿಮ್ಮ ಮಕ್ಕಳ ಕಾಯ್ದಾ ತೆರೆದು ನೋಡಿ: ಪೇಶ್ ಎಂಬುದು ಒಂದು ಪುಟಾಣಿ ವಾವ್, ಜಬರ್ ಎಂಬುದು ಮಲಗಿಸಿದ ಅಲಿಫ್, ಜೇರ್ ಹುಟ್ಟಿದ್ದು ಯಾ ಅಕ್ಷರದಿಂದ. ತಶ್ದೀದ್ ಎಂಬ ಮೂರು ಹಲ್ಲಿನ ಗುರುತು 'ಶದೀದ್' ಶಬ್ದದ ಶೀನ್‌ನ ತಲೆ. ಹಂಝ ಎಂಬುದು ಐನ್‌ನ ತಲೆ, ಏಕೆಂದರೆ ಎರಡೂ ಗಂಟಲಿನಲ್ಲೇ ಹುಟ್ಟುತ್ತವೆ.

ಇವೂ ಮುಸ್‌ಹಫ್‌ಗೆ ಸುಲಭವಾಗಿ ಪ್ರವೇಶಿಸಲಿಲ್ಲ. ಅದ್ದಾನೀ ನಿಧನರಾದದ್ದು ಹಿಜರಿ 444ರಲ್ಲಿ. ಅಷ್ಟು ತಡವಾಗಿಯೂ ಅವರು, ಖಲೀಲರ ಗುರುತುಗಳು ಕವಿತೆಗಿರಲಿ, ಮುಸ್‌ಹಫ್‌ಗೆ ಹಳೆಯ ದುಂಡು ಚುಕ್ಕೆಯೇ ಇರಲಿ ಎಂಬ ನಿಲುವಿನವರಾಗಿದ್ದರು. ಇಂದಿಗೂ ಮೊರೊಕ್ಕೊ ಕಡೆಯ ಮುಸ್‌ಹಫ್‌ನಲ್ಲಿ ಫಾ ಅಕ್ಷರದ ಚುಕ್ಕೆ ಕೆಳಗಿದೆ, ಕಾಫ್‌ಗೆ ಮೇಲೆ ಒಂದೇ ಚುಕ್ಕೆ. ನಮ್ಮ ಮಗು ಅದನ್ನು ಓದಿದರೆ ತಪ್ಪುತ್ತದೆ. ಅಲ್ಲಿನ ಮಗು ನಮ್ಮದನ್ನು ಓದಿದರೂ ತಪ್ಪುತ್ತದೆ. ಎರಡರಲ್ಲೂ ಕುರ್‌ಆನ್ ಒಂದೇ.

ಖಲೀಲರ ಶಿಷ್ಯನ ಕಥೆಯನ್ನು ಬಿಡಲಾಗದು. ಸೀಬವೈಹಿ ಪಾರಸಿಯವರು, ಶೀರಾಝ್ ಸಮೀಪದ ಬೈದಾ ಎಂಬ ಊರಿನವರು. ಬಸ್ರಾಕ್ಕೆ ಬಂದದ್ದು ಹದೀಸ್ ಕಲಿಯಲು. ಹಮ್ಮಾದ್ ಬಿನ್ ಸಲಮಃ ಅವರ ಪಾಠದಲ್ಲಿ 'ಲೈಸ ಅಬದ್ದರ್ದಾ' ಎಂಬ ಮಾತು ಬಂತು. ಅಲ್ಲಿ 'ಲೈಸ' ಎಂದರೆ 'ಹೊರತು' ಎಂದರ್ಥ. ಈ ಹುಡುಗ ಅದನ್ನು 'ಅಲ್ಲ' ಎಂದು ತಿಳಿದು 'ಅಬುದ್ದರ್ದಾ' ಎಂದು ಓದಿದ. 'ಲಹ್ನ್ ಮಾಡಿದೆ, ಸೀಬವೈಹಿ' ಎಂದರು ಗುರುಗಳು, ಎಲ್ಲರ ಎದುರಿಗೆ. ಮುಖ ಕೆಂಪಾಗಿರಬೇಕು. ಇನ್ನು ಯಾರೂ ನನ್ನ ತಪ್ಪು ಹಿಡಿಯದಂಥ ವಿದ್ಯೆ ಕಲಿಯುತ್ತೇನೆ ಎಂದು ಹೊರಟವರು ಖಲೀಲರ ಬಳಿ ಸೇರಿದರು. ಅವರು ಬರೆದ ವ್ಯಾಕರಣಕ್ಕೆ ಹೆಸರೇ ಇಲ್ಲ, ಜನ ಅದನ್ನು 'ಅಲ್ ಕಿತಾಬ್', ಅಂದರೆ ಪುಸ್ತಕ ಎಂದಷ್ಟೇ ಕರೆದರು. ಅದರಲ್ಲಿ ಗುರು ಖಲೀಲರ ಮಾತುಗಳನ್ನು ನೂರಾರು ಬಾರಿ ಉದ್ಧರಿಸಿದ್ದಾರೆ. ಹಿಜರಿ 180ರ ಸುಮಾರಿಗೆ, ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಹೋದರು. ಅರಬಿ ವ್ಯಾಕರಣದ ಅತಿ ದೊಡ್ಡ ಗ್ರಂಥ ಬರೆದವರ ಮನೆಮಾತು ಅರಬಿಯಲ್ಲ.

ಆದರೆ ಸಹೋದರರೇ, ಅವಮಾನವಾದಾಗ ಹಟ ತೊಟ್ಟು ಕಲಿಯುವ ಸೀಬವೈಹಿ ಸಾವಿರಕ್ಕೊಬ್ಬ. ಉಳಿದವರು ಕಾಯ್ದಾ ಮುಚ್ಚಿಟ್ಟು ಮನೆಗೆ ಹೋಗುತ್ತಾರೆ. ತಡವರಿಸುತ್ತಾ ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲವಿದೆ ಎಂದು ಪ್ರವಾದಿ(ಸ) ತಿಳಿಸಿದ್ದನ್ನು ಆಯಿಶಾ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನಗುವವನಿಗೆ ಏನಿದೆಯೆಂದು ನಾವೇ ಯೋಚಿಸಬೇಕು.

ಕನ್ನಡ ಲಿಪಿಯ ಯಾಸೀನ್ ವಿಷಯದಲ್ಲಿ ಮನೆಗಳಲ್ಲಿ ವಾದ ನಡೆಯುತ್ತದೆ. ಅದನ್ನು ಕಿತ್ತುಕೊಳ್ಳಬೇಡಿ. ಮೆಟ್ಟಿಲಾಗಿ ಅದು ಇರಲಿ. ಆದರೆ ಅಲ್ಲೇ ನಿಂತರೆ ನಷ್ಟವಿದೆ. ಅರಬಿಯ ಸೀನ್, ಸ್ವಾದ್, ಸಾ ಮೂರೂ ಕನ್ನಡದಲ್ಲಿ 'ಸ' ಆಗುತ್ತವೆ, ಎರಡು ಬಗೆಯ ಹಾಗಳು ಒಂದೇ 'ಹ' ಆಗುತ್ತವೆ. ಹೃದಯ ಎಂಬ ಅರ್ಥದ ಶಬ್ದವನ್ನೂ ನಾಯಿ ಎಂಬ ಅರ್ಥದ ಶಬ್ದವನ್ನೂ 'ಕಲ್ಬ್' ಎಂದೇ ಬರೆಯಬೇಕಾಗುತ್ತದೆ. 'ಫ', 'ಜ' ಅಕ್ಷರಗಳ ಕೆಳಗೆ ಚುಕ್ಕೆ ಇಟ್ಟು ಕನ್ನಡವೂ ಒಂದಷ್ಟು ದೂರ ಬಂದಿದೆ, ಎಲ್ಲಕ್ಕೂ ಅದು ಸಾಲದು. ಹಾಗೆಯೇ ಹಜ್ಜ್ ಮುಗಿಸಿ ಬಂದವರು ತಂದ ಮದೀನಾ ಮುದ್ರಣದ ಮುಸ್‌ಹಫ್ ಓದಲಾಗುತ್ತಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದು ನಿಮ್ಮ ದೋಷವಲ್ಲ. ನಮ್ಮ ಮುದ್ರಣದ ಖಡಾ ಜೇರ್, ಉಲ್ಟಾ ಪೇಶ್ ಅದರಲ್ಲಿಲ್ಲ, ಪುಟ್ಟ ಯಾ, ಪುಟ್ಟ ವಾವ್ ಇವೆ. ಸುಕೂನಿನ ಆಕಾರವೂ ಬೇರೆ. ಅಲಿಫ್ ಮೇಲೆ ಸ್ವಾದ್‌ನ ಪುಟ್ಟ ತಲೆ ಕಂಡರೆ, ಹಿಂದಿನ ಶಬ್ದದೊಂದಿಗೆ ಸೇರಿಸಿ ಓದುವಾಗ ಆ ಅಲಿಫನ್ನು ಉಚ್ಚರಿಸುವಂತಿಲ್ಲ. ಒಂದು ಸಂಜೆ ಕುಳಿತರೆ ಅಭ್ಯಾಸವಾಗುತ್ತದೆ. ಎರಡೂ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ತೋರಿಸಲು ನಾವು ಸಿದ್ಧರಿದ್ದೇವೆ.

ಈ ಭಾನುವಾರದಿಂದ ಇಶಾ ನಂತರ, ಮಕ್ಕಳು ಮನೆಗೆ ಹೋದ ಮೇಲೆ, ದೊಡ್ಡವರಿಗೆ ಪ್ರತ್ಯೇಕ ತರಗತಿ ಆರಂಭವಾಗುತ್ತದೆ. ಸಹೋದರಿಯರಿಗೆ ಮಹಡಿಯ ಮೇಲೆ ಅಸ್ರ್ ನಂತರ ವ್ಯವಸ್ಥೆಯಿದೆ. ಕಂಬಕ್ಕೆ ಒರಗಿ ಕುಳಿತು ನಕ್ಕ ನಾವು ಮೊದಲ ದಿನ ಮುಂದಿನ ಸಾಲಿನಲ್ಲಿ ಕುಳಿತು ಅಲಿಫ್‌ನಿಂದ ಓದುತ್ತೇವೆ, ಉಸ್ತಾದರು ಎಲ್ಲರ ಎದುರೇ ನಮ್ಮನ್ನು ತಿದ್ದಲಿ. ಆ ಹಿರಿಯರ ಮನೆಗೆ ನಾಳೆ ನಾವೇ ಹೋಗಿ ಕ್ಷಮೆ ಕೇಳುವವರಿದ್ದೇವೆ. ದೊಡ್ಡ ಅಕ್ಷರದ ಕಾಯ್ದಾಗಳು ಮಸೀದಿಯ ಕಪಾಟಿನಲ್ಲಿವೆ. ಬರುವಾಗ ಕನ್ನಡಕ ಮಾತ್ರ ಮರೆಯಬೇಡಿ.